ತುದಿ ಮುರಿದ ಮಾದಲ

ನನ್ನ ಸೀರೆಪೆಟ್ಟಿಗೆಯ ಮುಚ್ಚಳ ಎತ್ತಿದಾಗಲೆಲ್ಲ ನೀವು ಮೂಗರಳಿಸಿಕೊಂಡು ಓಡಿ ಬರುತ್ತೀರಿ. ನೇರಳೆ ಬಣ್ಣದ ಮೈಸೂರು ಸಿಲ್ಕಿನ ಮಡಿಕೆಯಲ್ಲಿ ಒರಗಿಕೊಂಡಿರುವ ಆ ಕಂದು ಬಣ್ಣದ ಮುಳ್ಳುಮುಳ್ಳಿನ ಉಂಡೆಯನ್ನು ಚಿಕ್ಕವನು ಮುಳ್ಳುಹಂದಿಯ ಮರಿ ಎಂದ. ದೊಡ್ಡವನು ಸತ್ತ ಮುಳ್ಳುಹಂದಿಯ ಮರಿ ಎಂದು ತಿದ್ದಿದ. ಅದು ಹಣ್ಣು ಮಕ್ಕಳೇ, ನಮ್ಮ ಹಿತ್ತಿಲಿನ ಮಾದಲ ಹಣ್ಣು. ಮೈತುಂಬ ಲವಂಗ ಚುಚ್ಚಿಸಿಕೊಂಡು ಒಣಗಿ, ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕದಾಗಿದೆ. ಆದರೆ ಅದು ಇಲ್ಲಿಂದ ಕೊಚ್ಚಿಯ ಸೀಮೆಗೆ ಹೋಗಿ, ಒಂದು ದೇವರ ಹಬ್ಬದಲ್ಲಿ ಪಾಲ್ಗೊಂಡು, ಮತ್ತೆ ನನ್ನ ಬಳಿಗೇ ಬಂದಿದೆ. ನಾನಾದರೋ ಮೈಸೂರಿನಿಂದ ಆಚೆ ಹೋದವಳಲ್ಲ. ಅದರ ಕಥೆಯನ್ನು ಬಾಯಲ್ಲಿ ಹೇಳಲು ಹೊರಟರೆ ನೀವು ನಗುತ್ತೀರಿ, ನಾನು ನಡುವೆ ನಾಚಿಕೊಂಡು ನಿಲ್ಲಿಸಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ಗಿಡದ ಮೂಲ ನನ್ನ ತವರು. ಚಂದಕವಾಡಿಯ ನಮ್ಮ ಮನೆಯ ಬಾವಿಕಟ್ಟೆಯ ಪಕ್ಕದಲ್ಲಿ ಒಂದು ಮಾದಲದ ಗಿಡವಿತ್ತು. ಬಸುರಿಯರಿಗೆ ಬಾಯಿ ಕೆಟ್ಟಾಗ, ಯಾರಿಗಾದರೂ ಪಿತ್ತ ಏರಿದಾಗ, ಊರಿನವರೆಲ್ಲ ಬಂದು ಅದರ ಕಾಯಿ ಕೇಳುತ್ತಿದ್ದರು. ನಿಮ್ಮ ಅಪ್ಪ ನನ್ನ ಹೊಟ್ಟೆಯಲ್ಲಿದ್ದಾಗ ನಮ್ಮಮ್ಮ ಕಳಿಸಿದ ಹಣ್ಣನ್ನು ತಿಂದು ಬೀಜವನ್ನು ಇಲ್ಲಿಯ ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕಕ್ಕೆ ಉಗಿದಿದ್ದೆ. ಮೊಳಕೆ ಬಂದಾಗ ನಿಮ್ಮ ತಾತ ಅದರ ಸುತ್ತ ಮುಳ್ಳು ನೆಟ್ಟು, ಬಚ್ಚಲ ನೀರು ಅಲ್ಲಿಗೇ ಹೋಗುವಂತೆ ಕಾಲುವೆ ತೋಡಿದರು. ನಿಮ್ಮ ಅಪ್ಪನೂ ಆ ಗಿಡವೂ ಒಟ್ಟೊಟ್ಟಿಗೆ ಬೆಳೆದರು. ತಾತ ಹೋದ ಮೇಲೂ ಗಿಡ ಫಲ ಬಿಡುವುದನ್ನು ನಿಲ್ಲಿಸಲಿಲ್ಲ. ನಾನು ದಿನವೂ ಅದರ ಬುಡದಲ್ಲಿ ಕುಳಿತು ಪಾತ್ರೆ ಉಜ್ಜುವುದನ್ನೂ ಬಿಡಲಿಲ್ಲ. ಯಾವ ಕೊಂಬೆಯಲ್ಲಿ ಯಾವ ಹೂವು ಕಾಯಿಕಟ್ಟಿತು, ಯಾವುದು ಗಾಳಿಗೆ ಉದುರಿತು ಎಂದು ನನ್ನನ್ನು ಕೇಳಿದರೆ ಈಗಲೂ ಹೇಳಬಲ್ಲೆ.

ನಮ್ಮ ಕೆರೆಯ ಕೆಳಗಿನ ಹೊಲವನ್ನು ಶುಂಠಿ ಬೆಳೆಯಲು ಗುತ್ತಿಗೆಗೆ ತೆಗೆದುಕೊಂಡಿರುವ ವರ್ಗೀಸರನ್ನು ನೀವು ಬಲ್ಲಿರಿ. ವಯನಾಡಿನ ಕ್ರೈಸ್ತರು, ಭಾನುವಾರ ಗುಂಡ್ಲುಪೇಟೆಗೆ ಪ್ರಾರ್ಥನೆಗೆ ಹೋಗದೆ ಹೊಲಕ್ಕೆ ಕಾಲಿಡರು. ಹೋದ ವರ್ಷ ಆಯುಧಪೂಜೆ ಹತ್ತಿರವಾಗುತ್ತಿದ್ದಾಗ ಒಂದು ಬೆಳಿಗ್ಗೆ ಅವರು ಇನ್ನೊಬ್ಬರನ್ನು ಕರೆದುಕೊಂಡು ಬಂದರು. ಬಿಳಿ ಗಡ್ಡ, ತಲೆಯ ಮೇಲೆ ಬಿಳಿ ಟೋಪಿ, ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ. ಗುಂಡ್ಲುಪೇಟೆಯ ಮಂಡಿಯಿಂದ ಎರ್ನಾಕುಲಕ್ಕೆ ತರಕಾರಿ ಸಾಗಿಸುವ ಲಾರಿಯ ಯಜಮಾನರು, ಮೊಯ್ದು ಕಾಕ. ಅವರು ಚಾಪೆಯ ಮೇಲೆ ಕೂತರು, ನಾನು ಎಂದಿನಂತೆ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತೆ.

"ಅಮ್ಮಾ, ನಿಮ್ಮ ಹಿತ್ತಿಲಲ್ಲಿ ಮಾದಲ ಉಂಟಲ್ಲ, ಅದು ಕಸಿ ಕಟ್ಟಿದ್ದೋ, ಬೀಜದ್ದೋ?" ಎಂದು ವರ್ಗೀಸ್ ಕೇಳಿದರು.

ಬೀಜದ್ದು ಎಂದೆ. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ವಿಷಯ ಇಷ್ಟು. ಮೊಯ್ದು ಕಾಕನ ಮನೆ ಕೊಚ್ಚಿಯ ಹತ್ತಿರದ ಒಂದು ಸಣ್ಣ ಊರಿನಲ್ಲಿ. ಅವರ ಪಕ್ಕದ ಮನೆಯಲ್ಲಿ ರಾಹೇಲ್ ಎಂಬ ಮುದುಕಿ ಇದ್ದಾರೆ, ಯೆಹೂದಿ ಮತದವರು. ಒಂದು ಕಾಲಕ್ಕೆ ಆ ಬೀದಿಯ ತುಂಬ ಅವರ ಜನವೇ ಇತ್ತಂತೆ. ಈಗ ಬಹಳಷ್ಟು ಮಂದಿ ತಮ್ಮ ದೇವರ ಮೂಲದ ನಾಡು ಎಂದು ಕಡಲಾಚೆ ಹೋಗಿ ನೆಲೆಸಿದ್ದಾರೆ, ಉಳಿದವರು ಬೆರಳೆಣಿಕೆಯಷ್ಟು. ಆ ನಾಡಿನ ಸುಗ್ಗಿ ಮುಗಿಯುವ ಕಾಲಕ್ಕೆ ಅವರಿಗೊಂದು ಹಬ್ಬ. ಅಂಗಳದಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿ, ಏಳು ದಿನ ಅದರಡಿಯಲ್ಲೇ ಉಂಡು, ಕೈಯಲ್ಲಿ ಒಂದು ಮಾದಲ ಹಣ್ಣು ಹಿಡಿದು ದೇವರಿಗೆ ನಮಸ್ಕರಿಸಬೇಕು. ಬೇರೆ ಯಾವ ಹಣ್ಣೂ ಆಗದು. ಪ್ರತಿ ವರ್ಷ ಆ ಹಣ್ಣನ್ನು ಕಡಲಾಚೆಯಿಂದ ಮಗಳು ಕಳಿಸುತ್ತಿದ್ದಳು. ಹೋದ ವರ್ಷ ಅಲ್ಲಿ ಯುದ್ಧ, ವಿಮಾನ ನಿಂತಿತ್ತು. ಮೊಯ್ದು ಕಾಕ ಎರ್ನಾಕುಲದ ಅಂಗಡಿಗಳನ್ನೆಲ್ಲ ಜಾಲಾಡಿದರಂತೆ. ಸಿಕ್ಕಿದವೆಲ್ಲ ಕಸಿಯವು, ಗೀಚಿದವು, ಹೇರಳೆಯನ್ನೇ ಮಾದಲವೆಂದು ಮಾರುವಂಥವು. ಮಂಡಿಯಲ್ಲಿ ಪೇಚಾಡುತ್ತಿದ್ದಾಗ ವರ್ಗೀಸರಿಗೆ ನಮ್ಮ ಗಿಡದ ನೆನಪು ಬಂತು.

ಗಿಡ ಕಸಿಯದಾಗಿರಬಾರದು, ಹಣ್ಣಿನ ಮೇಲೆ ಗೀರು ಇರಬಾರದು, ಚುಕ್ಕೆ ಇರಬಾರದು, ತುದಿಯಲ್ಲಿ ಹೂವಿನ ಕಡ್ಡಿ ಉಳಿದು ಮೊಲೆತೊಟ್ಟಿನ ಹಾಗೆ ಇರುತ್ತದಲ್ಲ, ಅದು ಮುರಿದಿರಬಾರದು. ಇವನ್ನೆಲ್ಲ ಹೇಳುವಾಗ ಆ ಮುದುಕರ ದನಿ, ಹೆಣ್ಣು ಕೇಳಲು ಬಂದವರ ದನಿಯಂತೆ ಮೆತ್ತಗಿತ್ತು. ಇಬ್ಬರೂ ಹಿತ್ತಿಲಿಗೆ ಹೋಗಿ ಒಂದೊಂದೇ ಕಾಯಿಯನ್ನು ಎಲೆ ಸರಿಸಿ ನೋಡಿದರು. ನಮ್ಮ ಗಿಡಕ್ಕೆ ಮುಳ್ಳು ಹೆಚ್ಚು. ಗಾಳಿ ಬೀಸಿದರೆ ತನ್ನ ಮಕ್ಕಳನ್ನು ತಾನೇ ಗೀಚುವ ತಾಯಿ ಅದು. ಕೊನೆಗೆ ಕೈಗೆಟುಕುವ ಕೊಂಬೆಯಲ್ಲಿ, ಇನ್ನೂ ಅರಿಶಿನಕ್ಕೆ ತಿರುಗುತ್ತಿದ್ದ ಒಂದೇ ಒಂದು ಹಣ್ಣು ಎಲ್ಲ ಪರೀಕ್ಷೆಯಲ್ಲೂ ಗೆದ್ದಿತು. ಲಾರಿಗೆ ಮಾಲು ತುಂಬಿಸಿ ಮಧ್ಯಾಹ್ನ ಬಂದು ಒಯ್ಯುತ್ತೇವೆ, ಅಷ್ಟರಲ್ಲಿ ಹುಷಾರಾಗಿ ಕಿತ್ತು ಹತ್ತಿಯಲ್ಲಿ ಸುತ್ತಿಡಿ ಎಂದು ಹೇಳಿ ಹೋದರು. ರಾತ್ರಿ ಹೊತ್ತಿಗೆ ಲಾರಿ ಘಾಟಿ ದಾಟಿರಬೇಕು. ಇದು ತಪ್ಪಿದರೆ ಹಬ್ಬದೊಳಗೆ ಅದು ಮತ್ತೆ ಈ ಕಡೆಗೆ ಬರುವುದಿಲ್ಲ.

ಅವರು ಹೋದ ಮೇಲೆ ನಾನು ಗಿಡದ ಕೆಳಗೆ ನಿಂತೆ. ಕೈ ಮೇಲೇಳಲಿಲ್ಲ. ದೇವರಿಗೆ ಹೋಗುವ ಹಣ್ಣು, ಅದೂ ಹಬ್ಬಕ್ಕೆ. ನಿಮ್ಮ ತಾತ ಹೋದ ಮೇಲೆ ನಾನು ಯಾರಿಗೂ ಶುಭಕ್ಕೆಂದು ಹೂವು, ಹಣ್ಣು ಕೊಟ್ಟವಳಲ್ಲ. ಯಾರೂ ಬೇಡ ಎಂದಿರಲಿಲ್ಲ. ನಾನೇ ಕೈ ಹಿಂದಕ್ಕೆ ತೆಗೆದುಕೊಂಡಿದ್ದೆ. ಬೇರೆಯವರು ಹೇಳುವ ಮೊದಲೇ ಹಿಂದೆ ಸರಿದರೆ ಹೇಳಿಸಿಕೊಳ್ಳುವ ನೋವಾದರೂ ತಪ್ಪುತ್ತದಲ್ಲ. ಅದಕ್ಕೇ ಪಕ್ಕದ ಮನೆಗೆ ಹೋಗಿ ನನ್ನ ವಾರಗಿತ್ತಿಯನ್ನು, ಎಂದರೆ ನಿಮ್ಮ ದೊಡ್ಡಜ್ಜಿ ಪುಟ್ಟತಾಯಕ್ಕನನ್ನು ಕರೆದೆ. ಗಂಡ, ಮಕ್ಕಳು, ಮೊಮ್ಮಕ್ಕಳು ಎಲ್ಲ ಇರುವ ತುಂಬು ಮುತ್ತೈದೆ. "ಅಕ್ಕ, ಯಾರದೋ ದೇವರಿಗಂತೆ, ನಿಮ್ಮ ಕೈಯಿಂದ ಕಿತ್ತುಕೊಡಿ" ಎಂದೆ. ಹೆಂಗಸರ ಬಳಿಯೂ ಹೆಚ್ಚು ಮಾತಾಡದ ನಾನು ಗಂಡಸರು ಹೇಳಿದ ಷರತ್ತನ್ನೆಲ್ಲ ಒಪ್ಪಿಸಲಿಲ್ಲ. ದಿಂಬಿನ ಹೊಲಿಗೆ ಬಿಚ್ಚಿ ಹತ್ತಿ ತರಲು ಒಳಗೆ ಹೋದೆ.

ನಾನು ಬರುವಷ್ಟರಲ್ಲಿ ಅಕ್ಕ ಹಣ್ಣನ್ನು ತೊಳೆದು, ಹಿತ್ತಾಳೆ ತಟ್ಟೆಯಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ದೇವರಿಗೆ ಬಾಳೆಹಣ್ಣು ಇಡುವಾಗ ಮಾಡುವ ಹಾಗೆಯೇ ಅದರ ತುದಿಯನ್ನು ಚಿಟಕ್ಕನೆ ಮುರಿದಿಟ್ಟಿದ್ದರು.

"ಅಯ್ಯೋ ಅಕ್ಕ, ಏನು ಮಾಡಿಬಿಟ್ಟಿರಿ!"

"ಯಾಕವ್ವ, ಏನ್ ಮಾಡ್ಬುಟ್ಟೆ? ದ್ಯಾವ್ರಿಗೆ ಅಂದಲ್ಲ? ತುದಿ ಮುರೀದೆ ಬಾಯ್ಮುಚ್ಕಂಡಿರೋ ಅಣ್ಣುನ್ನ ದ್ಯಾವ್ರು ಎಂಗ್ ತಿಂದಾನು? ನಿಂಗೆ ಅಷ್ಟೂ ಗೊತ್ತಿಲ್ವ?"

ಅವರ ಮಾತಿನಲ್ಲಿ ತಪ್ಪೇನಿದೆ ಹೇಳಿ? ನಮ್ಮ ದೇವರಿಗೆ ಬಾಗಿಲು ತೆರೆದೇ ಕೊಡಬೇಕು. ಅವರ ದೇವರಿಗೆ ಬೀಗಮುದ್ರೆ ಒಡೆಯದ ಹಾಗೆ ಕೊಡಬೇಕು. ಎರಡೂ ಭಕ್ತಿಯೇ. ಒಂದು ಊರಿನ ಮಡಿ ಇನ್ನೊಂದು ಊರಿನ ಮೈಲಿಗೆಯಾಗುವುದು ಎಷ್ಟು ಸುಲಭವೆಂದು ನಾನು ಆ ತಟ್ಟೆಯನ್ನು ನೋಡುತ್ತಾ ನಿಂತೆ. ಕೈಯಲ್ಲಿದ್ದ ಹತ್ತಿ ಬೆವರಿಗೆ ಒದ್ದೆಯಾಗಿತ್ತು.

ಮಧ್ಯಾಹ್ನ ಅವರಿಬ್ಬರೂ ಬಂದರು. ಮೊಯ್ದು ಕಾಕ ತಟ್ಟೆ ನೋಡಿದರು. ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡು ಜಗಲಿಯ ಮೇಲೆ ಕೂತರು. ಬೈದಿದ್ದರೆ ವಾಸಿಯಿತ್ತು. ಪುಟ್ಟತಾಯಕ್ಕನಿಗೆ ಮುಖ ಸಣ್ಣದಾಯಿತು. ಮುಖ ಸಣ್ಣದಾದಾಗ ಅವರ ಬಾಯಿ ದೊಡ್ಡದಾಗುತ್ತದೆ.

"ಅಲ್ಲ ಕಾಕ, ಟೀವೀಲಿ ದಿನಾ ತೋರುಸ್ತಾವ್ರೆ, ಅಲ್ಲಿ ಅವ್ರೂ ನಿಮ್ಮೋರೂ ಒಡದಾಡಿ ಸಾಯ್ತಾವ್ರೆ. ನೀನ್ ನೋಡುದ್ರೆ ಅವ್ರ್ ಅಬ್ಬಕ್ಕೆ ಅಣ್ಣು ಉಡುಕ್ಕಂಡು ಬೆಟ್ಟ ಅತ್ತಿ ಬಂದಿದ್ದೀಯೆ. ನಿಂಗೇನ್ ಬಂದದೆ?"

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಾಕ ತಲೆ ಎತ್ತಿ ನಿಧಾನವಾಗಿ ಹೇಳಿದರು: "ಚೇಚೀ, ಆ ಟೀವಿ ನೋಡಿ ನಾನು ಅತ್ತಿದ್ದೇನೆ. ಆ ಮಕ್ಕಳ ಮುಖ ಕಂಡು ಊಟ ಬಿಟ್ಟಿದ್ದೇನೆ. ಆದರೆ ರಾಹೇಲ್ ಅಮ್ಮ ಟೀವಿಯಲ್ಲಿಲ್ಲ, ನಮ್ಮ ಗೋಡೆಯ ಆಚೆ ಇದ್ದಾಳೆ. ನನ್ನನ್ನು ಹೆತ್ತ ಉಮ್ಮ ಸತ್ತಾಗ ಮೂರು ದಿನ ನಮ್ಮ ಮನೆಗೆ ಗಂಜಿ ತಂದವಳು ಅವಳೇ. ಅವಳ ಚಪ್ಪರಕ್ಕೆ ಗರಿ ಕಟ್ಟುವುದು ನಾನೇ. ಈ ಸಲ ಗರಿ ಕಟ್ಟಿ ಆಯಿತು, ಹಣ್ಣಿಲ್ಲ."

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ನನ್ ಕೈಗೆ ಬೆಂಕಿ ಆಕ" ಎಂದು ಗೊಣಗಿದರು.

ವರ್ಗೀಸ್ ಆ ಮುದುಕಿಗೇ ಫೋನ್ ಮಾಡಿದರು. ಫೋನನ್ನು ಜಗಲಿಯ ಮೇಲಿಟ್ಟು, ಎಲ್ಲರಿಗೂ ಕೇಳುವ ಹಾಗೆ ಮಾಡಿ, ಆಕೆಯ ಮಲಯಾಳವನ್ನು ಕನ್ನಡ ಮಾಡಿ ಹೇಳುತ್ತಾ ಹೋದರು. ನಡೆದದ್ದನ್ನು ಕೇಳಿ ಆ ಕಡೆಯಿಂದ ಮೊದಲು ಬಂದದ್ದು ನಗು. ಒಣಗಿದ ಹುಣಸೆಕಾಯಿ ಅಲುಗಿದಂಥ ಸಣ್ಣ ನಗು. ಆಮೇಲೆ ಒಂದು ಪ್ರಶ್ನೆ.

"ಹುಟ್ಟಿನಿಂದಲೇ ತುದಿಯಿಲ್ಲದ ಹಣ್ಣು ಯಾವುದಾದರೂ ಉಂಟಾ ಅಂತ ಕೇಳ್ತಾಳೆ. ಇದ್ದದ್ದು ಮುರಿದರೆ ಕೂಡದು. ಮೊದಲಿನಿಂದಲೇ ಇಲ್ಲದಿದ್ದರೆ ಕುಂದಲ್ಲವಂತೆ. ಆದರೆ ಅದು ಎಳೆಯದರಲ್ಲೇ ಉದುರಿದ್ದು ಅಂತ ನೋಡಿದವರು ಯಾರಾದರೂ ಹೇಳಬೇಕಂತೆ."

ಮಕ್ಕಳೇ, ಆ ಗಿಡವನ್ನು ಹಾಗೆ ನೋಡಿದವಳು ಈ ಭೂಮಿಯ ಮೇಲೆ ನಾನೊಬ್ಬಳೇ. ಒಗೆಯುವ ಕಲ್ಲಿಗೆ ಬಾಗಿದ ಕೊಂಬೆಯ ಒಳಗೆ, ಎಲೆಯ ಮರೆಯಲ್ಲಿ ಒಂದು ಸಣ್ಣ ಹಣ್ಣಿತ್ತು. ಎಸಳು ಉದುರಿದ ವಾರದಲ್ಲೇ ಅದರ ಕಡ್ಡಿ ತಾನಾಗಿ ಬಿದ್ದು, ಆ ಜಾಗದಲ್ಲಿ ಮಗುವಿನ ಗಲ್ಲದ ಗುಳಿಯಂಥ ಗುಳಿ ಮೂಡಿದ್ದನ್ನು ಪಾತ್ರೆ ಉಜ್ಜುತ್ತಾ ಕಂಡಿದ್ದೆ. ಬೆಳಿಗ್ಗೆ ಅವರು ಅದನ್ನು ತುದಿಯಿಲ್ಲದ್ದೆಂದು ದಾಟಿ ಹೋಗಿದ್ದರು. ನಾನು ಬಾಗಿಲ ಮರೆಯಿಂದ ಹೊರಗೆ ಬಂದು, "ಇದೆ, ನಾನು ನೋಡಿದ್ದೇನೆ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಓದಿದ್ದು ಏಳನೆಯ ತರಗತಿ. ಯಾವ ಪಂಚಾಯಿತಿಯೂ ನನ್ನ ಸಾಕ್ಷಿ ಕೇಳಿದ್ದಿಲ್ಲ. ಎಷ್ಟೋ ಸಾವಿರ ವರ್ಷದ ಹಿಂದಿನ ಒಂದು ಕಟ್ಟಳೆ ಅಂದು ನನ್ನ ಮಾತಿಗೆ ಕಾಯುತ್ತಿತ್ತು.

ಎಲ್ಲರೂ ಹಿತ್ತಿಲಿಗೆ ಹೋದೆವು. ನಾನು ಅಕ್ಕನಿಗೆ ದಾರಿ ಬಿಟ್ಟೆ. ವರ್ಗೀಸರ ಕೈಯಲ್ಲಿದ್ದ ಫೋನು, ಯಾಕೆ ತಡ ಎಂದು ಕೇಳಿತು. ಅವರು ನನ್ನ ಕಡೆ ನೋಡಿದಾಗ ಹೇಳದೆ ವಿಧಿಯಿರಲಿಲ್ಲ. "ನಾನು ಗಂಡ ಇಲ್ಲದವಳು. ಅಕ್ಕ ಕೀಳಲಿ."

ವರ್ಗೀಸ್ ತುಸು ತಡೆದು ಅದನ್ನು ಮಲಯಾಳದಲ್ಲಿ ಹೇಳಿದರು. ಆಮೇಲೆ ಬಂದ ಮಾತನ್ನು ಅವರು ನೆಲ ನೋಡುತ್ತಾ ಕನ್ನಡ ಮಾಡಿದರು.

"ನನಗೂ ಗಂಡ ಇಲ್ಲ ಅಂತಾಳೆ. ಹಬ್ಬದ ದಿನ ಆ ಹಣ್ಣನ್ನು ಹಿಡಿಯುವ ಕೈ ನಂದೇ. ನನ್ನ ಮನೆಯಲ್ಲಿ ಇನ್ಯಾರ ಕೈ ಉಂಟು? ನೋಡಿದವಳೇ ಕೀಳಲಿ ಅಂತಾಳೆ."

ಪುಟ್ಟತಾಯಕ್ಕ ನನ್ನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳಿದರು. "ಕೀಳವ್ವ, ಏನ್ ನಿಂತ್ಕಂಡು ನೋಡೀಯೆ? ನನ್ ಕೈ ಗುಣ ನೋಡಾಯ್ತಲ್ಲ!" ಎಂದರು. ಕಾಕ ಮೊದಲ ಸಲ ನಕ್ಕರು. ಮುಳ್ಳು ಮೊಣಕೈಯನ್ನು ಗೀಚಿತು. ಹಣ್ಣಿಗೆ ಮಾತ್ರ ಅದು ತಾಗಲು ನಾನು ಬಿಡಲಿಲ್ಲ. ತೊಟ್ಟು ಕತ್ತರಿಸಿದಾಗ ಎದ್ದ ಪರಿಮಳ ಇಂದಿಗೂ ನನ್ನ ಅಂಗೈಯಲ್ಲಿದೆ ಎನ್ನಿಸುತ್ತದೆ.

ಹತ್ತಿಯಲ್ಲಿ ಸುತ್ತುವಾಗ ನನಗೊಂದು ಸಂಕಟ. ತಟ್ಟೆಯಲ್ಲಿ ಅರಿಶಿನ ಮೆತ್ತಿಕೊಂಡು ಕೂತಿದ್ದ ಆ ಇನ್ನೊಂದು? ಇದ್ದದ್ದು ಮುರಿದರೆ ಕೂಡದು ಎಂಬ ಮಾತು ನನ್ನೊಳಗೆ ಎಲ್ಲೋ ಚುಚ್ಚಿಕೊಂಡಿತ್ತು. ಮೊದಲಿನಿಂದ ಇಲ್ಲದವರಿಗೆ ಕುಂದಿಲ್ಲ, ಇದ್ದು ಕಳೆದುಕೊಂಡವರಿಗೆ ಮಾತ್ರ ಕುಂದು. ಇದು ನಾನು ಬಲ್ಲ ಲೆಕ್ಕವೇ. ಕೇಳಬೇಕೋ ಬೇಡವೋ ಎಂದು ತಡವರಿಸಿ ಕೇಳಿಯೇಬಿಟ್ಟೆ. "ಮುರಿದದ್ದು ಯಾವುದಕ್ಕೂ ಬಾರದೇ?"

ಉತ್ತರ ತಕ್ಷಣ ಬಂತು. ನಿಷೇಧ ಮೊದಲ ದಿನಗಳಿಗೆ ಮಾತ್ರವಂತೆ. ಹಬ್ಬ ಉದ್ದಕ್ಕಿದೆ, ಉಳಿದ ದಿನಗಳಿಗೆ ಮುರಿದ ಹಣ್ಣೂ ಬರುತ್ತದೆ, ಅದನ್ನೂ ಕಳಿಸಿ ಎಂದರು. ಎರಡು ಹಣ್ಣೂ ಒಂದೇ ಹತ್ತಿಯಲ್ಲಿ ಮಲಗಿ, ಬೀನ್ಸು ಟೊಮೆಟೊ ಮೂಟೆಗಳ ಮುಂದೆ, ಡ್ರೈವರನ ಪಕ್ಕದ ಸೀಟಿನಲ್ಲಿ ಘಾಟಿ ಇಳಿದವು.

ಅಂದಿನಿಂದ ನನ್ನ ತಲೆ ನನ್ನ ಹಿತ್ತಿಲಿನಲ್ಲಿ ನಿಲ್ಲುತ್ತಿಲ್ಲ. ಚಾಮರಾಜನಗರದ ಕಾಲೇಜಿನಲ್ಲಿ ಚರಿತ್ರೆ ಓದುವ, ಪುಟ್ಟತಾಯಕ್ಕನ ಮೊಮ್ಮಗಳು ನಿಮ್ಮ ಚೈತ್ರಕ್ಕನನ್ನು ಕಾಡಿ ಬೇಡಿ ಕೇಳಿದೆ. ಅವಳು ಹುಡುಕಿ ಓದಿ ಹೇಳಿದ್ದನ್ನು ಕೇಳುತ್ತಾ ಎಷ್ಟೋ ಸಲ ಒಲೆಯ ಮೇಲಿನ ಹಾಲು ಉಕ್ಕಿಸಿದ್ದೇನೆ. ಈ ಮಾದಲ ನಮ್ಮ ದೇಶದ ಬೆಟ್ಟಸೀಮೆಯ ಕಡೆಯಿಂದಲೇ ಪಡುವಣಕ್ಕೆ ಹೋದದ್ದಂತೆ. ಮೊರಾಕೊ ಎಂಬ ದೇಶದ ಬೆಟ್ಟಗಳಲ್ಲಿ ಮುಸ್ಲಿಂ ರೈತರು ಇದನ್ನು ತಲೆತಲಾಂತರದಿಂದ ಬೆಳೆಯುತ್ತಾರೆ; ಇಟಲಿಯ ತೆಂಕಣ ತುದಿಯಲ್ಲಿ ಕ್ರೈಸ್ತ ರೈತರು ಬೆಳೆಯುತ್ತಾರೆ. ಯೆಹೂದಿಗಳು ದೂರದೂರದಿಂದ ಬಂದು, ಮಂಡಿಯೂರಿ, ಎಲೆ ಸರಿಸಿ, ಗೀರಿಲ್ಲದ್ದನ್ನು ಆರಿಸಿಕೊಂಡು ಹೋಗುತ್ತಾರೆ. ತಮ್ಮದಲ್ಲದ ಹಬ್ಬಕ್ಕಾಗಿ, ತಾವು ಹೇಳದ ಮಂತ್ರಕ್ಕಾಗಿ, ಆ ರೈತರು ಮುಳ್ಳು ಸವರಿ ಕೊಂಬೆಗೆ ಊರುಗೋಲು ಕೊಡುತ್ತಾರೆ. ನಮ್ಮ ವರ್ಗೀಸರೂ ಮೊಯ್ದು ಕಾಕನೂ ನನ್ನ ಗಿಡದ ಕೆಳಗೆ ಬಗ್ಗಿ ನಿಂತದ್ದು ಹೊಸ ಸಂಗತಿಯೇನಲ್ಲ, ಶತಮಾನಗಳಷ್ಟು ಹಳೆಯ ಒಂದು ಬಾಗುವಿಕೆ ಅದು ಎಂದು ತಿಳಿದಾಗ ನನ್ನ ರೋಮ ನಿಮಿರಿತು.

ಯೆಹೂದಿ, ಕ್ರೈಸ್ತ, ಮುಸ್ಲಿಂ, ಈ ಮೂವರೂ ದಾಯಾದಿಗಳು ಕಣ್ರಪ್ಪ. ಒಬ್ಬನೇ ಮೂಲಪುರುಷ, ಅವನನ್ನು ವರ್ಗೀಸ್ ಅಬ್ರಹಾಮ ಅನ್ನುತ್ತಾರೆ, ಕಾಕ ಇಬ್ರಾಹಿಂ ಅನ್ನುತ್ತಾರೆ. ದಾಯಾದಿ ಮತ್ಸರ ಎಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಬದುವಿಗಾಗಿ ನಿಮ್ಮ ತಾತನೂ ದೊಡ್ಡ ತಾತನೂ ಮಾತು ಬಿಟ್ಟು, ನಾನೂ ಪುಟ್ಟತಾಯಕ್ಕನೂ ಬೇಲಿಯ ಸಂದಿನಲ್ಲಿ ಕದ್ದು ಸಾರು ಬದಲಾಯಿಸಿಕೊಂಡ ವರ್ಷಗಳಿವೆ. ಅವರ ಜಗಳವೋ ಬದುವಿನದಲ್ಲ, ದೇಶ ದೇಶದ್ದು. ಒಬ್ಬರು ಶಿಲುಬೆ ಹೊತ್ತು ದಂಡೆತ್ತಿ ಹೋದರು, ಇನ್ನೊಬ್ಬರು ಕತ್ತಿ ಹಿಡಿದು ಎದುರಿಸಿದರು. ಸ್ಪೇನಿನ ಕ್ರೈಸ್ತ ಅರಸರು ಯೆಹೂದಿಗಳನ್ನು ಉಟ್ಟಬಟ್ಟೆಯಲ್ಲಿ ಹೊರಗಟ್ಟಿದರು. ಕಳೆದ ಮಹಾಯುದ್ಧದ ಕಾಲಕ್ಕೆ ಯೂರೋಪಿನಲ್ಲಿ ಅವರಿಗಾದದ್ದನ್ನು ಚೈತ್ರ ಹೇಳುತ್ತಾ ಹೇಳುತ್ತಾ ನಡುವೆ ನಿಲ್ಲಿಸಿಬಿಟ್ಟಳು. ನಾನೂ ಮುಂದೆ ಕೇಳಲಿಲ್ಲ.

ಆದರೆ ಸಾರು ಬದಲಾಯಿಸಿಕೊಂಡವರೂ ಇದ್ದರು. ಸ್ಪೇನಿನಿಂದ ಹೊರಬಿದ್ದವರಲ್ಲಿ ಎಷ್ಟೋ ಮಂದಿಗೆ ತುರ್ಕಿಯ ಸುಲ್ತಾನ ನೆಲೆ ಕೊಟ್ಟ. ಕೆಲವರು ನಮ್ಮ ಕೊಚ್ಚಿಯ ತನಕ ಬಂದರು, ಅಲ್ಲಿಯ ರಾಜ ತನ್ನ ಅರಮನೆಯ ಗುಡಿಗೆ ಅಂಟಿದಂತೆಯೇ ಅವರಿಗೆ ಪ್ರಾರ್ಥನೆಯ ಜಾಗ ಬಿಟ್ಟುಕೊಟ್ಟ. ಅದಕ್ಕೂ ಮುಂಚೆ ಅದೇ ಸ್ಪೇನಿನ ಒಂದು ಊರಿನಲ್ಲಿ ಮುಸ್ಲಿಮರು ಬರೆದ ವೈದ್ಯದ, ನಕ್ಷತ್ರದ ಪುಸ್ತಕಗಳನ್ನು ಯೆಹೂದಿಯೊಬ್ಬ ಓದಿ ಅರ್ಥ ಹೇಳುತ್ತಿದ್ದರೆ ಪಕ್ಕದಲ್ಲಿ ಕೂತ ಕ್ರೈಸ್ತ ತನ್ನ ಭಾಷೆಯಲ್ಲಿ ಬರೆದುಕೊಳ್ಳುತ್ತಿದ್ದನಂತೆ. ನಮ್ಮ ಜಗಲಿಯ ಮೇಲೆ ಆ ಮಧ್ಯಾಹ್ನ ನಡೆದದ್ದೂ ಅದೇ ಅಲ್ಲವೇ! ಜೆರುಸಲೇಮಿನಲ್ಲಿ ಕ್ರಿಸ್ತನ ಸಮಾಧಿಯ ದೊಡ್ಡ ಇಗರ್ಜಿಯಿದೆ. ಕ್ರೈಸ್ತರಲ್ಲೇ ಪಂಗಡ ಪಂಗಡಕ್ಕೂ ವ್ಯಾಜ್ಯ. ಅದರ ಬೀಗದ ಕೈ ಇರುವುದು ನೂರಾರು ವರ್ಷಗಳಿಂದ ಒಂದು ಮುಸ್ಲಿಂ ಮನೆತನದ ಬಳಿ. ಬೆಳಿಗ್ಗೆ ಆ ಬೀಗದ ಕೈ ಹೋಗದೆ ಬಾಗಿಲು ತೆರೆಯದು. ಮೂಲಪುರುಷ ಅಬ್ರಹಾಮ ತೀರಿಕೊಂಡಾಗ, ಎಂದೋ ಬೇರೆಯಾಗಿದ್ದ ಅವನ ಇಬ್ಬರು ಮಕ್ಕಳೂ ಒಟ್ಟಿಗೆ ಬಂದು ಮಣ್ಣು ಮಾಡಿದರು ಎಂದು ವರ್ಗೀಸರ ವೇದದಲ್ಲಿದೆಯಂತೆ. ನಿಮ್ಮ ತಾತ ಹೋದ ದಿನ ದೊಡ್ಡ ತಾತ ಬದುವಿನ ಜಗಳ ಮರೆತು ಬಂದು ಹೆಗಲು ಕೊಟ್ಟದ್ದು ನನಗೆ ನೆನಪಾಯಿತು. ನಾನು ಕಾಣದ ಆ ದೇಶಗಳು, ನಾನು ಉಚ್ಚರಿಸಲಾರದ ಆ ಹೆಸರುಗಳು ಎಲ್ಲವೂ ನನ್ನ ಬೇಲಿಯ ಆಚೆಯೇ ಇದ್ದ ಹಾಗೆ ಅನ್ನಿಸಿತು. ಲೋಕ ಇಷ್ಟು ದೊಡ್ಡದೆಂದು ಬೆರಗಾಗಲೋ, ಇಷ್ಟು ಚಿಕ್ಕದೆಂದು ಬೆರಗಾಗಲೋ ನನಗೆ ಇಂದಿಗೂ ತಿಳಿದಿಲ್ಲ.

ದೀಪಾವಳಿ ಕಳೆದ ಮೇಲೆ ಮೊಯ್ದು ಕಾಕ ಒಂದು ಬಿಸ್ಕತ್ತಿನ ಡಬ್ಬಿ ತಂದುಕೊಟ್ಟರು. ಒಳಗೆ ಈ ಹಣ್ಣು. ಹಬ್ಬ ಮುಗಿದ ಮೇಲೆ ಮಾದಲಕ್ಕೆ ಲವಂಗ ಚುಚ್ಚಿ ಒಣಗಿಸಿ, ವಾರವಾರವೂ ತಮ್ಮ ವ್ರತದ ದಿನ ಮುಗಿಯುವ ಸಂಜೆ ಅದನ್ನು ಮೂಸಿ ದೇವರನ್ನು ನೆನೆಯುವುದು ಅವರಲ್ಲಿ ಕೆಲವರ ವಾಡಿಕೆಯಂತೆ. ನೆನಪಿನ ಪರಿಮಳ ಹೋಗದಿರಲಿ ಎಂದು. ಕುಂದಿಲ್ಲದ ಹಣ್ಣನ್ನು ರಾಹೇಲಮ್ಮ ತಾವು ಇಟ್ಟುಕೊಂಡು ನನಗೆ ಈ ಮುರಿದದ್ದನ್ನು ಕಳಿಸಿದ್ದರು. ಚೆನ್ನಾಗಿ ನೋಡಿ: ಸುಕ್ಕಿನ ಸಂದಿನಲ್ಲಿ ಪುಟ್ಟತಾಯಕ್ಕ ಹಚ್ಚಿದ ಕುಂಕುಮ ಇನ್ನೂ ಇದೆ, ಆಕೆ ಅದನ್ನು ಉಜ್ಜಿ ತೆಗೆದಿಲ್ಲ. ಎಲ್ಲಕ್ಕಿಂತ ದೊಡ್ಡ ಲವಂಗ, ಹೂವಿನ ಮೊಗ್ಗಿನಂಥದ್ದು, ಸರಿಯಾಗಿ ತುದಿ ಮುರಿದ ಜಾಗದಲ್ಲೇ ಕೂತಿದೆ.

ಈ ಮಾಘದಲ್ಲಿ ಚೈತ್ರಳ ನಿಶ್ಚಿತಾರ್ಥವಾಯಿತಲ್ಲ, ಮಡಿಲು ತುಂಬುವ ಹೊತ್ತಿಗೆ ನಾನು ಅಡುಗೆಮನೆಯಿಂದ ಹೊರಗೆ ಯಾಕೆ ಬಂದೆ ಎಂದು ನೀವು ಆಮೇಲೆ ಕೇಳಿದಿರಿ. ನಾನಾಗಿ ಬರಲಿಲ್ಲ. ತಟ್ಟೆಯಲ್ಲಿ ನಮ್ಮ ಗಿಡದ ಹಣ್ಣಿತ್ತು. ಪುಟ್ಟತಾಯಕ್ಕ ಅದನ್ನು ಎತ್ತಿಕೊಂಡು, ಅಭ್ಯಾಸಬಲದಿಂದ ತುದಿಗೆ ಬೆರಳಿಟ್ಟು, ತಟ್ಟನೆ ನಿಂತರಂತೆ. ನೆಂಟರೆಲ್ಲ ನೋಡುತ್ತಿದ್ದ ಹಾಗೆಯೇ ಒಳಗೆ ಬಂದು ನನ್ನ ಒದ್ದೆ ಕೈ ಹಿಡಿದೆಳೆದು, "ಬಾರವ್ವ, ಗಿಡ ನೋಡ್ಕಂಡೋಳು ನೀನು, ನೀನೇ ಆಕು" ಎಂದರು. ಬೀಗರ ಕಡೆಯ ಯಾರೋ ಕೆಮ್ಮಿದರು. ನಾನು ಕೈಯನ್ನು ಸೆರಗಿಗೆ ಒರೆಸಿಕೊಂಡು ಹಣ್ಣನ್ನು ಚೈತ್ರಳ ಮಡಿಲಿಗೆ ಹಾಕಿದೆ.

ಈಗ ಪೆಟ್ಟಿಗೆ ತೆರೆಯುತ್ತೇನೆ, ಬನ್ನಿ. ಒಬ್ಬೊಬ್ಬರಾಗಿ ಮೂಸಿ ನೋಡಿ. ಮುಟ್ಟಿದರೂ ಚಿಂತೆಯಿಲ್ಲ, ಅದು ಎಷ್ಟೋ ಕೈ ದಾಟಿ ಬಂದಿದೆ.